ಬಸ್ಸಿನ ಬೋರ್ಡು ಓದುವ ಮಗ, ಶಾಲೆಯಲ್ಲಿ ಮಾತಾಡದ ಮಗಳು

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯವಳು ನಾನು. ವಯಸ್ಸು 34. ಮೂರು ವರ್ಷದ ಹಿಂದೆ ಬೆಂಗಳೂರಿಗೆ ಹೋದ ಗಂಡ ಮತ್ತೆ ಬರಲಿಲ್ಲ. ದುಡ್ಡೂ ಕಳಿಸುವುದಿಲ್ಲ, ಫೋನೂ ಎತ್ತುವುದಿಲ್ಲ. ಡಿವೋರ್ಸ್ ಆಗಿಲ್ಲ. ತವರಿನಲ್ಲಿ ವಯಸ್ಸಾದ ಆಯಿಯ ಜೊತೆ ಇದ್ದೇನೆ. ಒಂದು ಎಕರೆ ಅಡಿಕೆ ತೋಟ, ಎರಡು ದನ, ಒಂದು ಹೊಲಿಗೆ ಮಷಿನ್ನು ಇದೆ. ಮಗಳಿಗೆ 9 ವರ್ಷ, ನಾಲ್ಕನೇ ಕ್ಲಾಸು. ಮನೆಯಲ್ಲಿ ಅವಳ ಬಾಯಿಗೆ ಬಿಡುವಿಲ್ಲ. ಗೋಡೆ ಸಂದಿಯ ಮಿಸ್ರಿ ಜೇನಿನ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾಳೆ. ಶಾಲೆಯಲ್ಲಿ ಮಾತ್ರ ಒಂದನೇ ಕ್ಲಾಸಿನಿಂದ ಒಂದೇ ಒಂದು ಮಾತಾಡಿಲ್ಲ. ಹಾಜರಿಗೂ ಕೈ ಎತ್ತುತ್ತಾಳೆ, ಅಷ್ಟೆ. ಮಗನಿಗೆ 6. ಹೆಸರು ಕರೆದರೆ ತಿರುಗುವುದಿಲ್ಲ. ಏನಾದರೂ ಬೇಕಿದ್ದರೆ ನನ್ನ ಕೈ ಹಿಡಿದು ಎಳೆಯುತ್ತಾನೆ. ಆದರೆ ಬಸ್ಸಿನ ಬೋರ್ಡು ಎಲ್ಲಾ ಗಟ್ಟಿಯಾಗಿ ಓದುತ್ತಾನೆ, ಯಾರೂ ಕಲಿಸಿದ್ದಲ್ಲ. ತೆಳ್ಳೇವು, ಅಂದರೆ ತೆಳು ದೋಸೆ, ಸ್ವಲ್ಪ ಹರಿದಿದ್ದರೂ ಮುಟ್ಟುವುದಿಲ್ಲ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಓಡುತ್ತಾನೆ. ರಾತ್ರಿ ಎರಡಕ್ಕೆ ಎದ್ದು ಕೂರುತ್ತಾನೆ. "ಅಪ್ಪ ಇಲ್ಲದ ಮನೆ, ಗದರುವವರಿಲ್ಲ, ಅದಕ್ಕೇ ಮಕ್ಕಳು ಹೀಗೆ" ಅಂತ ಚಿಕ್ಕಪ್ಪ ಎಲ್ಲರೆದುರು ಹೇಳಿದರು. ತೋಟ ಮಾರಿ ಹುಬ್ಬಳ್ಳಿಗೆ ಬಾ ಅಂತ ಅಣ್ಣ ಕರೆಯುತ್ತಿದ್ದಾನೆ. ನಾನು ಊರು ಬಿಡಬೇಕಾ?

ಉತ್ತರ: ಮೊದಲು ನಿಮ್ಮ ಚಿಕ್ಕಪ್ಪನ ಮಾತನ್ನು ಮುಗಿಸಿಬಿಡೋಣ. ಅದು ಅವರೊಬ್ಬರ ಮಾತಲ್ಲ. ದೊಡ್ಡ ದೊಡ್ಡ ಡಾಕ್ಟರುಗಳೂ ಹಿಂದೆ ಹೀಗೇ ಹೇಳುತ್ತಿದ್ದರು. ನಿಮ್ಮ ಮಗನ ಥರ, ಬೇರೆಯವರ ಜೊತೆ ಬೆರೆಯುವ, ಮಾತಾಡುವ ರೀತಿಯೇ ಚಿಕ್ಕಂದಿನಿಂದ ಬೇರೆಯಾಗಿರುವುದಕ್ಕೆ ಆಟಿಸಂ ಅನ್ನುತ್ತಾರೆ. ಲಿಯೋ ಕ್ಯಾನರ್ ಅನ್ನುವ ಡಾಕ್ಟರು 1943ರಲ್ಲಿ ಅದರ ಬಗ್ಗೆ ಮೊದಲು ವಿವರವಾಗಿ ಬರೆದರು. ಆಮೇಲೆ ಸುಮಾರು ಇಪ್ಪತ್ತು ವರ್ಷ, ತಾಯಿಗೆ ಮಗುವಿನ ಮೇಲೆ ಪ್ರೀತಿ ಸಾಲದು, ಅದಕ್ಕೇ ಮಗು ಹೀಗಾಯಿತು ಅನ್ನುವ ವಾದ ಅಮೆರಿಕದಲ್ಲಿ ಜೋರಾಗಿ ನಡೆಯಿತು. ಎಷ್ಟು ತಾಯಂದಿರು ಅದನ್ನು ನಂಬಿ ಕಣ್ಣೀರು ಹಾಕಿದರೋ. 1977ರಲ್ಲಿ ಇಂಗ್ಲೆಂಡಿನಲ್ಲಿ, ಒಬ್ಬರಿಗಾದರೂ ಆಟಿಸಂ ಇದ್ದ ಅವಳಿ ಮಕ್ಕಳನ್ನು ನೋಡಿದಾಗ ಲೆಕ್ಕ ಬೇರೆಯೇ ಬಂತು. ಒಂದೇ ರೂಪದ ಅವಳಿಗಳು 11 ಜೋಡಿ ಇದ್ದವು. ಅದರಲ್ಲಿ 4 ಜೋಡಿಗಳಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ರೂಪದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೆ ಇರಲಿಲ್ಲ. ಅಂದರೆ ಇದು ಬಹುಪಾಲು ಹುಟ್ಟಿನಿಂದ, ರಕ್ತದಿಂದ ಬರುವುದು. ಸಾಕಿದ ರೀತಿಯಿಂದ ಬರುವುದಲ್ಲ. ಅಪ್ಪ ಮನೆಯಲ್ಲಿದ್ದು ದಿನಾ ಗದರಿದ್ದರೂ ನಿಮ್ಮ ಮಗ ಬಸ್ಸಿನ ಬೋರ್ಡನ್ನೇ ಓದುತ್ತಿದ್ದ. ಜೊತೆಗೆ ಹೆದರಿಕೆಯೂ ಸೇರಿಕೊಳ್ಳುತ್ತಿತ್ತು, ಅಷ್ಟೆ.

ಇನ್ನೊಂದು ವಿಷಯ. ಇಬ್ಬರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ನನ್ನ ಮುಂದೆ ಇಟ್ಟಿದ್ದೀರಿ. ಆ ಗಂಟು ಬಿಚ್ಚಬೇಕು. ಮಗಳ ಸಂಗತಿ ಬೇರೆ, ಮಗನದು ಬೇರೆ. ದಾರಿಯೂ ಬೇರೆ ಬೇರೆ.

ಮಗಳಿಂದ ಶುರು ಮಾಡುತ್ತೇನೆ. ಇಂಥ ಮನೆಗಳಲ್ಲಿ ಸಣ್ಣವನ ಗದ್ದಲದ ನಡುವೆ ಸುಮ್ಮನಿರುವ ದೊಡ್ಡವಳನ್ನು ಎಲ್ಲರೂ ಮರೆಯುತ್ತಾರೆ. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಶಾಲೆಯಂಥ ಒಂದು ಜಾಗದಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡದಿದ್ದರೆ ಅದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಅನ್ನುತ್ತಾರೆ. ಇದು ಹಟವಲ್ಲ, ಸೊಕ್ಕೂ ಅಲ್ಲ. ಇದು ಆತಂಕ. ಮಾತು ಗಂಟಲಿನವರೆಗೆ ಬರುತ್ತದೆ, ಅಲ್ಲಿ ಹಿಡಿದುಕೊಳ್ಳುತ್ತದೆ. "ಚಾಕ್ಲೇಟ್ ಕೊಡ್ತೀನಿ, ಒಂದು ಸಲ ಮಾತಾಡು" ಅಂತ ಮೇಷ್ಟ್ರು ಹೇಳಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಇಡೀ ಕ್ಲಾಸು ತಿರುಗಿ ಅವಳ ಬಾಯಿಯನ್ನೇ ನೋಡುತ್ತದೆ, ಅಲ್ವಾ? ನಮಗೇ ಹಾಗೆ ಮಾಡಿದರೆ ನಾಲಿಗೆ ಒಣಗುತ್ತದೆ.

ಮಾಡಬೇಕಾದ್ದು ಹೀಗೆ. ಶಾಲೆಯ ಅಕ್ಕೋರ ಹತ್ತಿರ ಮೊದಲೇ ಮಾತಾಡಿ, ಸಂಜೆ ಶಾಲೆ ಬಿಟ್ಟ ಮೇಲೆ ಖಾಲಿ ಕ್ಲಾಸಿಗೆ ನೀವಿಬ್ಬರೇ ಹೋಗಿ. ಬಾಗಿಲು ಹಾಕಿಕೊಳ್ಳಿ. ಅವಳಿಗೆ ಪ್ರೀತಿಯ ವಿಷಯ ತೆಗೆಯಿರಿ. ಮಿಸ್ರಿ ಜೇನೇ ಆಗಲಿ. ಮೇಣದ ಚೂರೊಂದನ್ನು ಡಬ್ಬಿಯಲ್ಲಿ ಒಯ್ಯಿರಿ. ಮನೆಯಲ್ಲಿ ಮಾತಾಡುವಂತೆ ಅಲ್ಲಿ ನಿಮ್ಮ ಜೊತೆ ಮಾತಾಡಲಿ. ಮೊದಲ ದಿನ ಪಿಸುಮಾತಾದರೂ ಸಾಕು. ಎರಡು ಮೂರು ದಿನ ಇದು ಸಲೀಸಾದ ಮೇಲೆ ಅಕ್ಕೋರು ಕಾರಿಡಾರಿನಲ್ಲಿ ತಮ್ಮ ಪಾಡಿಗೆ ಓಡಾಡಲಿ. ಮಾರನೇ ವಾರ ಬಾಗಿಲು ಅರ್ಧ ತೆರೆದಿರಲಿ. ಆಮೇಲೆ ಅವರು ಒಳಗೆ ಬಂದು ದೂರದ ಬೆಂಚಿನಲ್ಲಿ ಕೂತು ಪುಸ್ತಕ ತಿದ್ದಲಿ, ಅವಳತ್ತ ನೋಡದೆ. ಹೀಗೆ ಒಂದೊಂದು ಬೆಂಚು ಹತ್ತಿರ ಬರಬೇಕು. ಯಾವ ಹಂತದಲ್ಲಿ ಮಗಳು ಸುಮ್ಮನಾಗುತ್ತಾಳೋ ಅಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ ಹೋಗಿ. ಕಡೆಗೆ ಅಕ್ಕೋರು ಒಂದು ಪ್ರಶ್ನೆ ಕೇಳಬೇಕು. "ಹೌದಾ, ಅಲ್ವಾ" ಅನ್ನುವಂಥದ್ದು ಬೇಡ, ಅದಕ್ಕೆ ತಲೆ ಆಡಿಸಿದರೆ ಮುಗಿಯಿತು. "ಈ ಜೇನು ಕಚ್ಚುತ್ತೋ, ಕಚ್ಚಲ್ವೋ?" ಅಂತ ಕೇಳಲಿ. ಕೇಳಿ ಮನಸ್ಸಿನಲ್ಲೇ ಐದು ಎಣಿಸಲಿ. ನೀವು ನಡುವೆ ಬಾಯಿ ಹಾಕಬೇಡಿ. ಅವಳು ಉತ್ತರ ಕೊಟ್ಟಳು ಅಂದುಕೊಳ್ಳಿ, ಚಪ್ಪಾಳೆ ಬೇಡ, "ಓಹ್ ಹೌದಾ" ಅಂತ ಮಾತು ಮುಂದುವರಿಸಿದರೆ ಸಾಕು. ಹೊಗಳಿಕೆಯೂ ಈ ಮಕ್ಕಳಿಗೆ ಒಂದು ಥರದ ಟಾರ್ಚ್ ಬೆಳಕು.

ಇದಕ್ಕೆ ತಿಂಗಳುಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಶಾಲೆಯಲ್ಲಿ ಬರೆದು, ಬೆರಳು ತೋರಿಸಿ ಉತ್ತರ ಕೊಡಲು ಬಿಡಿ ಅಂತ ಕೇಳಿಕೊಳ್ಳಿ. ಇಲ್ಲಿ ನಿಮ್ಮ ಹಳ್ಳಿ ಶಾಲೆಯೇ ನಿಮಗೆ ಲಾಭ. ಮಕ್ಕಳು ಕಡಿಮೆ, ಅಕ್ಕೋರಿಗೆ ಎಲ್ಲರ ಮನೆಯೂ ಗೊತ್ತು, ಸಂಜೆ ಕ್ಲಾಸು ಖಾಲಿ ಸಿಗುತ್ತದೆ. ನಗರದ ದೊಡ್ಡ ಶಾಲೆಯಲ್ಲಿ ಸಂಜೆ ಐದಕ್ಕೆ ಒಂದು ಕೋಣೆ ಕೇಳಿ ನೋಡಿ, ಗೇಟಿನಲ್ಲೇ ನಿಲ್ಲಿಸುತ್ತಾರೆ. ಇನ್ನೊಂದು ಮಾತು. ಹೆಣ್ಣುಮಕ್ಕಳಲ್ಲಿ ಆಟಿಸಂ ಎಷ್ಟೋ ಸಲ ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ. ತಮ್ಮನನ್ನು ತೋರಿಸಲು ಹೋದಾಗ ಅವಳನ್ನೂ ಒಮ್ಮೆ ತೋರಿಸಿ. ಇದೆ ಅಂತ ನಾನು ಹೇಳುತ್ತಿಲ್ಲ. ನೋಡಿಬಿಟ್ಟರೆ ಒಳ್ಳೆಯದು.

ಈಗ ಮಗ. ನೀವು ಬರೆದದ್ದೆಲ್ಲ ಓದಿದರೆ ಆಟಿಸಂ ಇರಬಹುದು ಅನ್ನಿಸುತ್ತದೆ. ಪತ್ರ ಓದಿ ಪಕ್ಕಾ ಹೇಳುವುದು ತಪ್ಪಾಗುತ್ತದೆ, ಮಗುವನ್ನು ಕೂರಿಸಿಕೊಂಡು ನೋಡಬೇಕು. ಅರ್ಥಕ್ಕಿಂತ ಮುಂಚೆ ಅಕ್ಷರ ಬರುವುದಕ್ಕೆ ಹೈಪರ್‌ಲೆಕ್ಸಿಯಾ ಅನ್ನುತ್ತಾರೆ. ಆಟಿಸಂ ಇರುವ ಕೆಲವು ಮಕ್ಕಳಲ್ಲಿ ಇದು ಕಾಣುತ್ತದೆ. ಮೊದಲ ಕೆಲಸ ಕಿವಿ ಪರೀಕ್ಷೆ. "ಕುಕ್ಕರ್ ಸದ್ದಿಗೆ ಓಡುತ್ತಾನಲ್ಲ, ಕಿವಿ ಕೇಳುತ್ತದೆ" ಅಂತ ಬಿಡಬೇಡಿ. ಕೆಲವು ಮಟ್ಟದ ಸದ್ದು ಕೇಳಿ ಕೆಲವು ಕೇಳದೇ ಇರಬಹುದು. ಆಮೇಲೆ ಬೆಳವಣಿಗೆಯ ಪರೀಕ್ಷೆ. ನಮ್ಮ ದೇಶದಲ್ಲಿ ಆಟಿಸಂಗೆ ಸರ್ಟಿಫಿಕೇಟ್ ಕೊಡುವಾಗ ಬಳಸುವ ಅಳತೆಗೆ ಐಸಾ ಅನ್ನುತ್ತಾರೆ. ಅದರಲ್ಲಿ 40 ಅಂಶ ಇರುತ್ತವೆ. ಮಗುವನ್ನೂ ನೋಡುತ್ತಾರೆ, ನಿಮ್ಮನ್ನೂ ಕೇಳುತ್ತಾರೆ. ಹೋಗುವ ಮುಂಚೆ ಫೋನಿನಲ್ಲಿ ಎರಡು ಮೂರು ವಿಡಿಯೋ ಮಾಡಿಟ್ಟುಕೊಳ್ಳಿ. ಊಟದ ಹೊತ್ತಿನದು ಒಂದು, ಅವನ ಪಾಡಿಗೆ ಆಡುವಾಗಿನದು ಒಂದು. ಆಸ್ಪತ್ರೆಯಲ್ಲಿ ಅವನು ಬೇರೆಯೇ ಹುಡುಗ ಆಗಿರುತ್ತಾನೆ.

ಎಲ್ಲಿಗೆ ಹೋಗಬೇಕು? ಕಾರವಾರದ ಕ್ರಿಮ್ಸ್ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆ. ಧಾರವಾಡದ ಡಿಮ್ಹಾನ್ಸ್, ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ, ಇನ್ನೊಂದು ದಾರಿ. ಮಾತು ಮತ್ತು ಕಿವಿಗೆ ಮೈಸೂರಿನಲ್ಲಿ ಆಯಿಶ್ ಇದೆ, 1965ರಿಂದ ಇರುವ ಸಂಸ್ಥೆ, ಆದರೆ ನಿಮಗೆ ದೂರ. ಹೊರಡುವ ಮುಂಚೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಶಾಲೆ, ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುವ ಆರ್‌ಬಿಎಸ್‌ಕೆ ತಂಡ ಪ್ರತಿ ತಾಲ್ಲೂಕಿನಲ್ಲೂ ಇರುತ್ತದೆ. 2013ರಿಂದ ಈ ಕಾರ್ಯಕ್ರಮ ನಡೆದಿದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಇದರಲ್ಲಿ ಬರುತ್ತಾರೆ. ಅವರ ಚೀಟಿ ಹಿಡಿದು ಹೋದರೆ ಆಸ್ಪತ್ರೆಯಲ್ಲಿ ಕೋಣೆಯಿಂದ ಕೋಣೆಗೆ ಅಲೆಯುವುದು ಸ್ವಲ್ಪ ತಪ್ಪುತ್ತದೆ. ಬಸ್ಸಿಗೆ ನಿಮಗೂ ಮಗಳಿಗೂ ಶಕ್ತಿ ಯೋಜನೆ ಇದೆ. ಟಿಕೆಟ್ ಏನಿದ್ದರೂ ಮಗನಿಗೆ ಮಾತ್ರ.

ಅಂಗವೈಕಲ್ಯದ ಸರ್ಟಿಫಿಕೇಟ್ ಅಂದರೆ ಮಗನ ಹಣೆಗೆ ಚೀಟಿ ಅಂಟಿಸಿದ ಹಾಗೆ ಅಂತ ಬಹಳ ತಾಯಂದಿರು ಹಿಂಜರಿಯುತ್ತಾರೆ. ನನ್ನ ಅಭಿಪ್ರಾಯ ಬೇರೆ. ಊರಿನವರು ಆಗಲೇ ಒಂದು ಚೀಟಿ ಅಂಟಿಸಿದ್ದಾರೆ, ಅದು ತಪ್ಪು ಚೀಟಿ. ಸರಿಯಾದ್ದು ಇದ್ದರೆ ಉಪಯೋಗ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಹೇಳಿದ್ದಾರೆ, ಅದರಲ್ಲಿ ಆಟಿಸಂ ಒಂದು. ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂತ ಬಂದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕು ಇದೆ. "ನಮ್ಮಲ್ಲಿ ಇಂಥ ಮಕ್ಕಳಿಗೆ ಆಗಲ್ಲ" ಅಂತ ವಾಪಸು ಕಳಿಸುವಂತಿಲ್ಲ. ನಿರಾಮಯ ಅನ್ನುವ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಥೆರಪಿ ಖರ್ಚಿಗೂ ಒಂದು ಮಿತಿಯಲ್ಲಿ ಬಳಸಬಹುದು. ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಲು ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರು (ವಿ.ಆರ್.ಡಬ್ಲ್ಯು.) ಸಹಾಯ ಮಾಡುತ್ತಾರೆ, ಅದು ಅವರ ಕೆಲಸವೇ. ಶಾಲೆಗೆ ವಿಶೇಷ ಮಕ್ಕಳಿಗಾಗಿ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕಳಿಸಿ ಅಂತ ಬಿಇಒ ಕಚೇರಿಯಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಥೆರಪಿ ವಾರಕ್ಕೆ ಒಂದೋ ಎರಡೋ ಗಂಟೆ. ಉಳಿದ ಗಂಟೆಗಳೆಲ್ಲ ನಿಮ್ಮವು. ಇಲ್ಲಿ ಬಸ್ಸಿನ ಬೋರ್ಡನ್ನು ಹಿಡಿದುಕೊಳ್ಳಿ. ಅದನ್ನು ಬಿಡಿಸಲು ಹೋಗಬೇಡಿ, ಅದೇ ಬಾಗಿಲು. ಹಳೇ ಕ್ಯಾಲೆಂಡರಿನ ಹಿಂಬದಿ ಕತ್ತರಿಸಿ ಬೋರ್ಡುಗಳನ್ನು ಮಾಡಿ. ಶಿರಸಿ, ಕುಮಟಾ, ಅಂಕೋಲಾ, ಕಾರವಾರ. ಜಗುಲಿ ಮೇಲೆ ನಾಲ್ಕು ಮಣೆ ಸಾಲಾಗಿ ಹಾಕಿದರೆ ಬಸ್ಸಾಯಿತು. ನೀವು ಕಂಡಕ್ಟರ್. ಬೋರ್ಡನ್ನು ನಿಮ್ಮ ಕೈಯಲ್ಲಿ, ಕಣ್ಣಿನ ಹತ್ತಿರ ಹಿಡಿದು ಕಾಯಿರಿ. ಅವನು ಕೈ ಎಳೆಯುತ್ತಾನೆ. ನೀವು "ಕುಮಟಾ ಕೊಡು" ಅಂತ ನೀವೇ ಹೇಳಿ ಕೊಡಿ. ನೂರು ಸಲ ಹೀಗೇ. ಒಂದು ದಿನ ಅವನು "ಕುಮಟಾ" ಅಂದು ಕೈ ಚಾಚುತ್ತಾನೆ. ಆಗ ಅದು ಬರೀ ಓದಿದ್ದಲ್ಲ, ನಿಮ್ಮ ಹತ್ತಿರ ಕೇಳಿದ್ದು. ಅಲ್ಲಿಂದ "ರೈಟ್", "ಹೋಲ್ಡಾನ್", "ಇನ್ನೊಂದು ಟಿಕೆಟ್" ಎಲ್ಲ ಬರಿಸಬಹುದು. ಮನೆಯ ದಿನಚರಿಯನ್ನೂ ಇದೇ ಬೋರ್ಡಿನಲ್ಲಿ ಬರೆದು ಗೋಡೆಗೆ ಹಾಕಿ. ಸ್ನಾನ, ತಿಂಡಿ, ಶಾಲೆ. ಒಂದು ಸ್ಟಾಪ್ ಮುಗಿದರೆ ಆ ಬೋರ್ಡು ತೆಗೆಯುವುದು. ಮುಂದೆ ಏನು ಬರುತ್ತದೆ ಅಂತ ಗೊತ್ತಿದ್ದರೆ ಇಂಥ ಮಕ್ಕಳ ಅರ್ಧ ಗಲಾಟೆ ಇಳಿಯುತ್ತದೆ.

ಸದ್ದಿನ ವಿಷಯವೂ ಅದೇ. ಕುಕ್ಕರ್ ಯಾವಾಗ ಕೂಗುತ್ತದೆ ಅಂತ ಅವನಿಗೆ ಗೊತ್ತಿಲ್ಲ. ನನ್ನ ಹತ್ತಿರ ಬರುತ್ತಿದ್ದ ಹೊನ್ನಾವರ ಕಡೆಯ ಒಬ್ಬ ಹುಡುಗ ಮಿಕ್ಸಿ ಸದ್ದಿಗೆ ಮನೆ ಬಿಟ್ಟು ಓಡುತ್ತಿದ್ದ, ಯಕ್ಷಗಾನದ ಚಂಡೆಯ ಎದುರು ಮಾತ್ರ ರಾತ್ರಿಯಿಡೀ ಕೂರುತ್ತಿದ್ದ. ಚಂಡೆಗೆ ಒಂದು ಲೆಕ್ಕ ಇದೆ, ಮಿಕ್ಸಿಗೆ ಇಲ್ಲ. ಕುಕ್ಕರ್ ಇಡುವಾಗ ಅವನಿಗೇ ಹೇಳಿ, ಮೂರು ಬೆರಳು ತೋರಿಸಿ, ಪ್ರತಿ ಕೂಗಿಗೆ ಒಂದು ಬೆರಳು ಮಡಚಿ. ಮಾರಿಕಾಂಬಾ ಜಾತ್ರೆ ಬರುವ ವರ್ಷ ಬೆಳಿಗ್ಗೆ ಬೇಗ ಕರೆದುಕೊಂಡು ಹೋಗಿ ಬನ್ನಿ, ರಾತ್ರಿ ಮೈಕು, ತೊಟ್ಟಿಲು ಬೇಡ. ಹರಕೆ ಹೊರಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ರಕ್ತ ಶುದ್ಧಿ, ಸ್ಟೆಮ್ ಸೆಲ್, ಮೂರು ತಿಂಗಳಲ್ಲಿ ಪೂರ್ತಿ ವಾಸಿ ಅನ್ನುವವರಿಗೆ ಮಾತ್ರ ಒಂದು ರೂಪಾಯಿ ಕೊಡಬೇಡಿ. ಮನೆಮಾತು ಬಿಟ್ಟು ಒಂದೇ ಭಾಷೆ ಮಾತಾಡಿ ಅಂತ ಯಾರಾದರೂ ಹೇಳಿದರೆ ಅದನ್ನೂ ಕೇಳಬೇಡಿ. ಆಯಿ ಯಾವ ಮಾತಿನಲ್ಲಿ ಮುದ್ದು ಮಾಡುತ್ತಾರೋ ಅದೇ ಇರಲಿ.

ಈಗ ನಾನು ಸ್ವಲ್ಪ ಗಟ್ಟಿಯಾಗಿ ಹೇಳುವ ವಿಷಯ. ನೀರು. ಆಟಿಸಂ ಇರುವ ಮಕ್ಕಳು ಹೇಳದೆ ಕೇಳದೆ ಹೊರಟುಬಿಡುತ್ತಾರೆ, ಅವರಲ್ಲಿ ಬಹಳ ಮಕ್ಕಳಿಗೆ ನೀರು ಅಂದರೆ ಸೆಳೆತ. ನಿಮ್ಮ ಕಡೆಯ ಮನೆ ಅಂದರೆ ಬಾವಿ, ತೋಟದ ಕೆರೆ, ಮಳೆಗಾಲದಲ್ಲಿ ತುಂಬಿದ ಹಳ್ಳ, ಅದರ ಮೇಲೆ ಜಾರುವ ಕಾಲುಸಂಕ. ಅವನು ರಾತ್ರಿ ಎರಡಕ್ಕೆ ಏಳುತ್ತಾನೆ ಅಂತ ನೀವೇ ಬರೆದಿದ್ದೀರಿ. ಇವತ್ತೇ ಹಿತ್ತಿಲ ಬಾಗಿಲಿಗೆ ಅವನ ಕೈಗೆ ಎಟುಕದ ಎತ್ತರದಲ್ಲಿ ಚಿಲಕ ಹಾಕಿಸಿ. ಬಾಗಿಲಿಗೆ ಕೊಟ್ಟಿಗೆಯ ದನದ ಗಂಟೆ ಒಂದನ್ನು ಕಟ್ಟಿ. ಬ್ಯಾಟರಿ ಅಲಾರಂ ಕರೆಂಟು, ಸೆಲ್ಲು ಅಂತ ಕೈಕೊಡುತ್ತದೆ, ಗಂಟೆ ಕೊಡುವುದಿಲ್ಲ. ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿ. ಅಂಗಿಯ ಒಳಗೆ ನಿಮ್ಮ ಫೋನ್ ನಂಬರ್ ಹೊಲಿಯಿರಿ, ಮಷಿನ್ನು ಹೇಗೂ ಇದೆ. ಸುತ್ತಲಿನ ನಾಲ್ಕು ಮನೆಗೆ ಹೇಳಿಡಿ: ಅವನು ಒಬ್ಬನೇ ಕಂಡರೆ ಕೂಗಬೇಡಿ, ಕೈ ಹಿಡಿದು ನಿಲ್ಲಿಸಿ, ನನಗೆ ಫೋನ್ ಮಾಡಿ. ಬೇಸಿಗೆಯಲ್ಲಿ, ನೀರು ಕಡಿಮೆ ಇದ್ದಾಗ, ಈಜು ಬಲ್ಲವರ ಜೊತೆ ಈಜು ಕಲಿಸಿ. ಈಜು ಬಂತು ಅಂತ ಚಿಲಕ ತೆಗೆಯಬೇಡಿ. ಇನ್ನೊಂದು, ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತ ಮನೆಯಲ್ಲಿರುತ್ತದೆ. ನೀಲಿ ಹರಳು, ಕಲ್ಲುಸಕ್ಕರೆಯ ಹಾಗೆ ಹೊಳೆಯುತ್ತದೆ. ಬೀಗ ಹಾಕಿಡಿ.

ರಾತ್ರಿ ಎಚ್ಚರಕ್ಕೆ ನೀವೇ ಅಂಗಡಿಯಿಂದ ಔಷಧಿ ತರಬೇಡಿ. ಮಧ್ಯಾಹ್ನದ ನಿದ್ದೆ ತಪ್ಪಿಸಿ, ಮಲಗುವ ಒಂದು ಗಂಟೆ ಮುಂಚೆ ಮೊಬೈಲ್ ಒಳಗಿಡಿ. ಆಗಲೂ ಆಗದಿದ್ದರೆ ಡಾಕ್ಟರಿಗೆ ಹೇಳಿ, ದಾರಿ ಇದೆ.

ಊರು ಬಿಡಬೇಕಾ ಅಂತ ಕೇಳಿದ್ದೀರಿ. ನನ್ನ ಒಂದು ತಪ್ಪು ಹೇಳುತ್ತೇನೆ. ವೃತ್ತಿಯ ಶುರುವಿನಲ್ಲಿ ಅಂಕೋಲಾ ಕಡೆಯ ಒಬ್ಬ ತಾಯಿ ಬಂದಿದ್ದರು, ಅವರೂ ಒಬ್ಬರೇ. ವಾರಕ್ಕೆ ಐದು ದಿನ ಥೆರಪಿ ಬೇಕು, ನಗರದಲ್ಲಿ ಮನೆ ಮಾಡಿ ಅಂತ ನಾನೇ ಹೇಳಿದೆ. ಬಳೆ ಮಾರಿ ಹೋದರು. ಒಂದೇ ಕೋಣೆ, ಪಕ್ಕದವರು ಗೋಡೆ ಬಡಿಯುತ್ತಿದ್ದರು, ಹುಡುಗನಿಗೆ ಓಡಾಡಲು ಜಾಗ ಇಲ್ಲ. ನಾಲ್ಕನೇ ತಿಂಗಳಿಗೆ ದುಡ್ಡೂ ಮುಗಿಯಿತು, ಥೆರಪಿಯೂ ನಿಂತಿತು. ವಾಪಸು ಬಂದು ನನ್ನೆದುರು ಕೂತಾಗ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ಯಾರಿಗೂ ಮೊದಲ ಭೇಟಿಯಲ್ಲೇ ಊರು ಬಿಡಿ ಅನ್ನುವುದಿಲ್ಲ.

ಆದ್ದರಿಂದ ತೋಟ ಮಾರಬೇಡಿ, ಈಗಲಂತೂ ಬೇಡ. ಪರೀಕ್ಷೆ ಆಗಲಿ. ತಿಂಗಳಿಗೊಮ್ಮೆ ಹೋಗಿ ಮನೆಯಲ್ಲಿ ಮಾಡುವುದನ್ನು ಕಲಿತು ಬನ್ನಿ, ನಡುವೆ ಫೋನಿನಲ್ಲಿ ಕೇಳಿ. ಒಂದು ವರ್ಷ ಹೀಗೆ ನೋಡಿ. ಆಮೇಲೂ ಮಗನಿಗೆ ಇಲ್ಲಿ ಸಿಗದ್ದು ಏನಾದರೂ ಬೇಕೇ ಬೇಕು ಅನ್ನಿಸಿದರೆ, ತೋಟ ಗೇಣಿಗೆ ಕೊಟ್ಟು ಒಂದು ವರ್ಷಕ್ಕೆ ಹೋಗುವುದು ಬೇರೆ ಮಾತು. ಹಳ್ಳಿ ಎಲ್ಲದಕ್ಕೂ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ ಅಂತ ನಿಮಗೂ ಗೊತ್ತು.

ನಿಮ್ಮ ಮನೆಯಲ್ಲಿ ಇಲ್ಲದ್ದು ಅಪ್ಪನ ಗದರಿಕೆಯಲ್ಲ. ಇನ್ನೊಂದು ಜೊತೆ ಕೈ. ಈಗ ಆ ಕೈ ಯಾರದು ಗೊತ್ತಾ? ಮಗಳದು. ತಮ್ಮ ಎದ್ದರೆ ಅವಳೂ ಏಳುತ್ತಾಳೆ, ಅವನಿಗೆ ಬೇಕಾದ್ದನ್ನು ಅವಳೇ ಹೇಳುತ್ತಾಳೆ ಅಂತ ನಾನು ಬಾಜಿ ಕಟ್ಟುತ್ತೇನೆ. ದಿನಕ್ಕೆ ಹದಿನೈದು ನಿಮಿಷ ತಮ್ಮನಿಲ್ಲದೆ ಅವಳ ಜೊತೆ ಕೂರಿ, ಆ ಜೇನುಗೂಡಿನ ಹತ್ತಿರವೇ. ಆ ಹೊತ್ತಿಗೆ ಮಗನನ್ನು ಹಿಡಿದುಕೊಳ್ಳಲು ದೊಡ್ಡವರೊಬ್ಬರು ಬೇಕು. ಸಂಘದ ಗೆಳತಿಯೋ, ಪಕ್ಕದ ಮನೆಯ ಚಿಕ್ಕಮ್ಮನೋ. ವಾರಕ್ಕೆ ಎರಡು ಸಂಜೆ, ಇಂಥ ಗಂಟೆಯಿಂದ ಇಂಥ ಗಂಟೆ ಅಂತ ಬಾಯಿಬಿಟ್ಟು ಕೇಳಿ. ಬದಲಿಗೆ ಅವರ ರವಿಕೆ ಹೊಲಿದು ಕೊಡಿ. ಅಣ್ಣನಿಗೂ ಹೇಳಿ: ಬಾಡಿಗೆ ಮನೆ ಬೇಡ, ಆಸ್ಪತ್ರೆಗೆ ಹೋಗುವ ದಿನ ಬಂದು ಜೊತೆಗಿರು. ನಿಮಗೇ ತೀರಾ ಕುಸಿದ ಹಾಗಾದ ರಾತ್ರಿ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಗಂಡನ ವಿಷಯ ಚಿಕ್ಕದಾಗಿ. ಡಿವೋರ್ಸ್ ಆಗದಿದ್ದರೂ ನಿಮಗೆ ಮತ್ತು ಮಕ್ಕಳಿಗೆ ಜೀವನಾಂಶ ಕೇಳುವ ಹಕ್ಕಿದೆ. ಮೊದಲು 125ನೇ ಕಲಂ ಅನ್ನುತ್ತಿದ್ದರು, 2024ರ ಜುಲೈಯಿಂದ ಹೊಸ ಕಾನೂನಿನಲ್ಲಿ ಅದು 144. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, ಶಿರಸಿ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಮಗನ ಸರ್ಟಿಫಿಕೇಟು, ಕಾರ್ಡಿನ ಅರ್ಜಿಗೆ ಅಪ್ಪನ ಸಹಿ ಬೇಕು ಅಂತ ಎಲ್ಲಾದರೂ ತಡೆದರೆ, ಅಪ್ಪ ದೂರವಿದ್ದು ಮಕ್ಕಳನ್ನು ನೋಡಿಕೊಳ್ಳದಿದ್ದಾಗ ತಾಯಿಯೇ ಪೋಷಕಿಯಾಗಬಹುದು ಅಂತ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ ಅಂತ ತಿಳಿಸಿ.

ಕಾರವಾರಕ್ಕೆ ಹೊರಡುವ ಹಿಂದಿನ ದಿನ ಜಗುಲಿಯ ಬಸ್ಸಿನಲ್ಲಿ ಒಮ್ಮೆ ಹೋಗಿ ಬನ್ನಿ, "ಆಸ್ಪತ್ರೆ" ಅಂತ ಒಂದು ಹೊಸ ಬೋರ್ಡು ಸೇರಿಸಿ. ಬಸ್ಸಿನಲ್ಲಿ ಮಗನಿಗೆ ಕಿಟಕಿ ಪಕ್ಕದ ಸೀಟು ಕೊಡಿ. ದೇವಿಮನೆ ಘಟ್ಟದಲ್ಲಿ ಎದುರು ಬರುವ ಬಸ್ಸುಗಳಿಂದಲೇ ಅವನಿಗೆ ಹೊತ್ತು ಹೋಗುತ್ತದೆ. ತೆಳ್ಳೇವನ್ನು ಸುತ್ತಬೇಡಿ, ಅಗಲ ಡಬ್ಬಿಯಲ್ಲಿ ಬಾಳೆಲೆಯ ಮೇಲೆ ಹಾಗೇ ಹಾಸಿ ಇಡಿ, ಹರಿಯುವುದಿಲ್ಲ. ಡಾಕ್ಟರು ಕೊಟ್ಟ ಚೀಟಿಯ ಫೋಟೋ ತೆಗೆದು ನನಗೆ ಕಳಿಸಿ.